ಮಗುವಿಗೆ ಅಂಟಿಸುವ ಚೀಟಿ, ಮಗು ಬಿಡಿಸುವ ಲೆಕ್ಕ

ಮೊದಲು ಒಂದು ಲೆಕ್ಕ ಕೊಡುತ್ತೇನೆ. ಪೆನ್ನು ಬೇಡ, ಮನಸ್ಸಿನಲ್ಲೇ ಮಾಡಿ. 60 ಮೀಟರ್ ಉದ್ದದ ನೇರ ದಾರಿ ಇದೆ. ಅದರ ಒಂದು ಬದಿಯಲ್ಲಿ ಗಿಡ ನೆಡಬೇಕು. ಎರಡೂ ತುದಿಯಲ್ಲಿ ಒಂದೊಂದು ಗಿಡ ಇರಬೇಕು, ನಡುವೆ ಪ್ರತಿ 10 ಮೀಟರಿಗೆ ಒಂದು. ಒಟ್ಟು ಎಷ್ಟು ಗಿಡ ಬೇಕು?

ಆರು ಅಂದುಕೊಂಡವರು ಪಕ್ಕದವರಿಗೆ ಹೇಳಬೇಡಿ, ಸುಮ್ಮನಿರಿ. ಉತ್ತರ ಏಳು. 60ನ್ನು 10ರಿಂದ ಭಾಗಿಸಿದಾಗ ಸಿಗುವ ಆರು ಗಿಡಗಳದ್ದಲ್ಲ, ಗಿಡಗಳ ನಡುವಿನ ಜಾಗಗಳದ್ದು. ಕೊನೆಯ ತುದಿಗೆ ಇನ್ನೊಂದು ಗಿಡ ಬೇಕೇ ಬೇಕು.

ಉತ್ತರ ಹಾಗಿರಲಿ. ಲೆಕ್ಕ ಕೇಳಿದ ತಕ್ಷಣ ನಿಮ್ಮ ತಲೆಯಲ್ಲಿ ಏನು ಬಂತು ಅಂತ ಸ್ವಲ್ಪ ನೆನಪಿಸಿಕೊಳ್ಳಿ. ಕೆಲವರಿಗೆ ದಾರಿ, ಗಿಡ ಎಲ್ಲ ಕಣ್ಣಿಗೆ ಕಟ್ಟಿರಬಹುದು. ಕೆಲವರು ಏನೂ ಕಾಣದೆ ನೇರವಾಗಿ ಭಾಗಾಕಾರಕ್ಕೆ ಹೋಗಿದ್ದೀರಿ. ಕೆಲವರು ಬಾಯಲ್ಲೇ ಸೊನ್ನೆ, ಹತ್ತು, ಇಪ್ಪತ್ತು ಅಂತ ಹೇಳಿಕೊಂಡಿರಿ. ಮುಂದಿನ ಸಾಲಿನಲ್ಲಿ ಒಬ್ಬರು ಬೆರಳು ಮಡಚುತ್ತಿದ್ದುದು ನನಗೆ ಕಂಡಿತು. ಲೆಕ್ಕ ಒಂದೇ, ಹೊರಟ ದಾರಿ ನಾಲ್ಕು.

ಇದನ್ನು ನೋಡಿದ ಯಾರಿಗಾದರೂ ಒಂದು ಯೋಚನೆ ಬರುತ್ತದೆ. ಮಕ್ಕಳಲ್ಲೂ ಹೀಗೆ ಬೇರೆ ಬೇರೆ ಥರದವರು ಇರಬೇಕು, ಒಬ್ಬೊಬ್ಬರಿಗೂ ಅವರ ಥರಕ್ಕೆ ತಕ್ಕಂತೆ ಕಲಿಸಿದರೆ ಎಲ್ಲರಿಗೂ ಗಣಿತ ಬರುತ್ತದೆ, ಅಲ್ವಾ? ಕಲಿಕಾ ಶೈಲಿ ಎಂಬ ಮಾತು ಇಷ್ಟು ಜನಪ್ರಿಯವಾದದ್ದು ಈ ಯೋಚನೆಯ ಬೆನ್ನೇರಿ. ಡೇವಿಡ್ ಕೋಲ್ಬ್ ಎಂಬ ಅಮೆರಿಕದ ವಿದ್ವಾಂಸರು 1984ರಲ್ಲಿ ಅನುಭವದಿಂದ ಕಲಿಯುವುದರ ಬಗ್ಗೆ ಬರೆದಾಗ ಕಲಿಯುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ಇನ್ನೊಂದು ವಿಂಗಡಣೆ ಕೊಟ್ಟರು: ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು. ಶಿಕ್ಷಕರ ತರಬೇತಿಯಲ್ಲಿ ನೀವು ಕೇಳಿರುವುದು ಬಹುತೇಕ ಇದನ್ನೇ. ಇವರಿಬ್ಬರೇ ಅಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಜೊತೆಗಾರರು ಕೂತು ಪಟ್ಟಿ ಮಾಡಿದಾಗ ಇಂಥ 71 ಮಾದರಿಗಳು ಸಿಕ್ಕವು. ಒಂದರ ಪ್ರಕಾರ ಮಗು ಒಂದು ಗುಂಪಿಗೆ, ಇನ್ನೊಂದರ ಪ್ರಕಾರ ಮತ್ತೊಂದು ಗುಂಪಿಗೆ. ಇಷ್ಟು ಮಾದರಿಗಳಲ್ಲಿ ಯಾವುದನ್ನು ನಂಬೋದು?

ಇಲ್ಲಿ ಎರಡು ಮಾತುಗಳು ಬೆರೆತುಹೋಗಿವೆ, ಬಿಡಿಸಿಕೊಳ್ಳೋಣ. ಒಂದು, ಮಕ್ಕಳಿಗೆ ಇಷ್ಟಗಳಿವೆ ಎನ್ನುವುದು. ಇದರಲ್ಲಿ ತಕರಾರಿಲ್ಲ. ಒಂದು ಮಗುವಿಗೆ ಚಿತ್ರ ಇಷ್ಟ, ಇನ್ನೊಂದಕ್ಕೆ ಯಾರಾದರೂ ವಿವರಿಸಿ ಹೇಳಬೇಕು. ಎರಡು, ಆ ಇಷ್ಟಕ್ಕೆ ಹೊಂದುವಂತೆ ಕಲಿಸಿದರೆ ಮಗು ಹೆಚ್ಚು ಕಲಿಯುತ್ತದೆ ಎನ್ನುವುದು. ಶಾಲೆಗಳು ಹಣ, ಸಮಯ ಎಲ್ಲ ಸುರಿಯುವುದು ಈ ಎರಡನೆಯ ಮಾತನ್ನು ನಂಬಿಕೊಂಡು.

ಅದನ್ನು ಪರೀಕ್ಷಿಸುವುದು ಹೇಗೆ? ಮೊದಲು ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು ಅಂತ ಎರಡು ಗುಂಪು ಮಾಡಿ. ಆಮೇಲೆ ಪ್ರತಿ ಗುಂಪಿನಲ್ಲೂ ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಚಿತ್ರದ ಪಾಠ, ಉಳಿದ ಅರ್ಧಕ್ಕೆ ಮಾತಿನ ಪಾಠ. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ. ನೋಡುವವರು ಚಿತ್ರದ ಪಾಠದಲ್ಲಿ ಮುಂದೆ, ಕೇಳುವವರು ಮಾತಿನ ಪಾಠದಲ್ಲಿ ಮುಂದೆ ಬಂದರೆ ಆ ನಂಬಿಕೆ ಗೆದ್ದಿತು. ಎಲ್ಲರೂ ಚಿತ್ರದ ಪಾಠದಲ್ಲೇ ಮುಂದೆ ಬಂದರೆ? ಆಗ ಚಿತ್ರದ ಪಾಠ ಚೆನ್ನಾಗಿದೆ ಎಂದಷ್ಟೇ ಅರ್ಥ. ಮಕ್ಕಳ ಶೈಲಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಮನೋವಿಜ್ಞಾನಿಗಳು ಇಂಥ ಸಾಕ್ಷ್ಯ ಎಲ್ಲಿದೆ ಅಂತ ಹುಡುಕಿದರು. ಶೈಲಿಗಳ ಬಗ್ಗೆ ಬರಹಗಳು ರಾಶಿ ಇದ್ದವು. ಆದರೆ ಈಗ ಹೇಳಿದ ರೀತಿಯಲ್ಲಿ ಸರಿಯಾಗಿ ನಡೆಸಿದ ಪ್ರಯೋಗಗಳು ಬಹಳ ಕಡಿಮೆ. ಅವುಗಳಲ್ಲೂ ಹಲವು ಆ ನಂಬಿಕೆಗೆ ಉಲ್ಟಾ ಹೊಡೆದಿದ್ದವು. ಶೈಲಿ ನೋಡಿ ಪಾಠ ಮಾಡುವುದಕ್ಕೆ ತಕ್ಕ ಆಧಾರ ಇಲ್ಲ ಅಂತ ಅವರು ಬರೆದರು. ನಂಬಿಕೆ ಅದರಿಂದೇನೂ ಅಲುಗಲಿಲ್ಲ. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬ್ರಿಟನ್ನಿನ ಶಿಕ್ಷಕರಲ್ಲಿ 93%, ನೆದರ್ಲೆಂಡ್ಸಿನ ಶಿಕ್ಷಕರಲ್ಲಿ 96% ಜನ ಶೈಲಿಗೆ ತಕ್ಕ ಪಾಠದಿಂದ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಎಂದೇ ಹೇಳಿದರು.

ಯಾಕೆ ಹೀಗೆ? ನನ್ನ ಪ್ರಕಾರ ಈ ನಂಬಿಕೆಯ ಒಳಗೆ ಒಂದು ಕರುಣೆ ಇದೆ. ನಿಮ್ಮ ಮಗು ದಡ್ಡ ಅಲ್ಲ, ಅವನು ಕಲಿಯೋ ರೀತಿ ಬೇರೆ ಅಷ್ಟೇ ಅಂತ ಶಿಕ್ಷಕರು ಹೇಳಿದರೆ ಯಾವ ತಾಯಿಗೆ ಸಮಾಧಾನ ಆಗಲ್ಲ ಹೇಳಿ? ಆ ಕರುಣೆಯನ್ನು ನಾನು ಹೀಗಳೆಯುವುದಿಲ್ಲ. ತೊಂದರೆ ಆಮೇಲೆ ಶುರುವಾಗುತ್ತದೆ. ಇಂಥ ಶೈಲಿಯವರು ಎಂಬ ಚೀಟಿ ಅಂಟಿದ ಮಗು ಅದನ್ನು ನಂಬಿಬಿಡುತ್ತದೆ. "ನಾನು ಕೇಳಿ ಕಲಿಯೋಳು ಮಿಸ್, ನನಗೆ ಜ್ಯಾಮಿತಿ ಬರಲ್ಲ" ಅನ್ನುತ್ತದೆ. ಜ್ಯಾಮಿತಿಯನ್ನು ಕಿವಿಯಲ್ಲಿ ಕಲಿಸೋದು ಹೇಗೆ? ತ್ರಿಕೋನದ ಆಕಾರವನ್ನು ಬರೀ ಮಾತಲ್ಲಿ ಹೇಳಿ ಮುಗಿಸೋಕೆ ಆಗುತ್ತಾ? ಆಗಲ್ಲ. ಯಾವ ರೂಪದಲ್ಲಿ ಕಲಿಸಬೇಕು ಎನ್ನುವುದನ್ನು ಮಗುವಿನ ಚೀಟಿಗಿಂತ ಜಾಸ್ತಿ ನಿರ್ಧರಿಸುವುದು ಕಲಿಯಬೇಕಾದ ವಿಷಯ.

ಹಿಂದಿನ ಸಾಲಿನಲ್ಲಿ ಒಬ್ಬರು ತಲೆ ಅಲ್ಲಾಡಿಸುತ್ತಿದ್ದೀರಿ. ನನ್ನ ಇಬ್ಬರು ಮಕ್ಕಳೇ ಒಂದೇ ಥರ ಲೆಕ್ಕ ಮಾಡಲ್ಲ, ಇವರು ಏನು ಹೇಳ್ತಿದ್ದಾರೆ ಅಂತ ತಾನೆ? ನೀವು ಹೇಳುವುದು ಸರಿ. ಮಕ್ಕಳು ಲೆಕ್ಕಕ್ಕೆ ಕೈ ಹಾಕುವ ರೀತಿ ನಿಜಕ್ಕೂ ಬೇರೆ ಬೇರೆ. ಸೋವಿಯತ್ ಮನೋವಿಜ್ಞಾನಿ ವಾದಿಮ್ ಕ್ರುತೆತ್ಸ್ಕಿ ಶಾಲಾ ಮಕ್ಕಳ ಗಣಿತದ ಶಕ್ತಿಯನ್ನು ವರ್ಷಗಟ್ಟಲೆ ಗಮನಿಸಿ ಬರೆದರು. ಅವರ ಕೆಲಸ 1976ರಲ್ಲಿ ಇಂಗ್ಲಿಷಿಗೆ ಬಂತು. ಕೆಲವು ಮಕ್ಕಳು ಚಿಹ್ನೆ, ತರ್ಕದ ದಾರಿ ಹಿಡಿಯುತ್ತಾರೆ, ಚಿತ್ರದಿಂದ ಸುಲಭವಾಗುವ ಲೆಕ್ಕದಲ್ಲೂ ಚಿತ್ರ ಬರೆಯುವುದಿಲ್ಲ. ಕೆಲವರಿಗೆ ಎಲ್ಲಕ್ಕೂ ಚಿತ್ರ ಬೇಕು. ಇನ್ನು ಕೆಲವರು ಎರಡರಲ್ಲೂ ಸಲೀಸು. ಗಣಿತದಲ್ಲಿ ಜಾಣರಾದ ಮಕ್ಕಳು ಈ ಎಲ್ಲ ಗುಂಪುಗಳಲ್ಲೂ ಇದ್ದರು. ಚಿತ್ರ ಕಾಣುವುದು ಜಾಣತನಕ್ಕೆ ಕಡ್ಡಾಯವೂ ಅಲ್ಲ, ಚಿತ್ರ ಕಂಡ ಮಾತ್ರಕ್ಕೆ ಲೆಕ್ಕ ಬರುತ್ತದೆ ಅಂತಲೂ ಇಲ್ಲ.

ಈ ಕೊನೆಯ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಇವತ್ತು ನಾನು ಹೇಳಬೇಕಾದದ್ದರ ತಿರುಳು ಇಲ್ಲಿದೆ. ಮೇರಿ ಹೆಗಾರ್ಟಿ ಮತ್ತು ಮರಿಯಾ ಕೊಜೆವ್ನಿಕೊವ್ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐರ್ಲೆಂಡಿನ ಡಬ್ಲಿನ್‌ನಲ್ಲಿ ಆರನೇ ತರಗತಿ ಹುಡುಗರಿಗೆ ನಮ್ಮ ಗಿಡದ ಲೆಕ್ಕದಂಥ ಲೆಕ್ಕಗಳನ್ನು ಕೊಟ್ಟು, ಬಿಡಿಸುವಾಗ ಮನಸ್ಸಿನಲ್ಲಿ ಏನು ಕಂಡಿತು ಅಂತ ಕೇಳಿದರು. ಎಷ್ಟು ಸಲ ಚಿತ್ರ ಕಂಡಿತು ಅಂತ ಎಣಿಸಿ ಬಿಡಲಿಲ್ಲ. ಎಂಥ ಚಿತ್ರ ಅಂತ ನೋಡಿದರು. ಅಲ್ಲಿ ಎರಡು ಜಾತಿಯ ಚಿತ್ರಗಳು ಸಿಕ್ಕವು.

ಆ ಎರಡು ಜಾತಿಯನ್ನು ನಮ್ಮ ಗಿಡದ ಲೆಕ್ಕದಲ್ಲೇ ತೋರಿಸುತ್ತೇನೆ. ಒಂದು ಮಗು ಬರೆದ ಚಿತ್ರ ಹೀಗಿರುತ್ತದೆ ಅಂದುಕೊಳ್ಳಿ. ಟೋಪಿ ಹಾಕಿದ ಮನುಷ್ಯ. ಕೈಯಲ್ಲಿ ಗುದ್ದಲಿ. ಪಕ್ಕದಲ್ಲಿ ಒಂದು ಗಿಡ, ಅದಕ್ಕೆ ಎಲೆ, ಎಲೆಗೆ ನರ. ಮೇಲೆ ಸೂರ್ಯ. ದಾರಿ ಕಾಗದದ ಅಂಚಿನಲ್ಲಿ ಎಲ್ಲೋ ಮಾಯ. ಚಿತ್ರ ಚೆನ್ನಾಗಿದೆ, ಆದರೆ 60 ಎಲ್ಲೂ ಇಲ್ಲ, 10 ಎಲ್ಲೂ ಇಲ್ಲ. ಇನ್ನೊಂದು ಮಗುವಿನದು ಬರೀ ಒಂದು ಗೆರೆ. ಗೆರೆಯ ಎಡತುದಿಯಲ್ಲಿ 0, ಬಲತುದಿಯಲ್ಲಿ 60. ನಡುವೆ ಸಮ ಅಂತರದಲ್ಲಿ ಐದು ಕಡ್ಡಿ. ಎರಡೂ ತುದಿಗೆ ಒಂದೊಂದು ಕಡ್ಡಿ. ಗಿಡವೇ ಇಲ್ಲ ಅದರಲ್ಲಿ! ಆದರೆ ಎಣಿಸಿದರೆ ಏಳು ಬರುತ್ತದೆ.

ಎರಡೂ ಚಿತ್ರವೇ ತಾನೆ? ಶೈಲಿ ಪರೀಕ್ಷೆ ಕೊಟ್ಟರೆ ಇಬ್ಬರೂ ನೋಡಿ ಕಲಿಯುವವರು ಅಂತ ಬರಬಹುದು. ಆದರೆ ಆ ಅಧ್ಯಯನದಲ್ಲಿ ಗೆರೆ ಚಿತ್ರ ಕಂಡವರು ಹೆಚ್ಚು ಲೆಕ್ಕ ಸರಿ ಮಾಡಿದ್ದರು, ಟೋಪಿ ಮನುಷ್ಯನಂಥ ಚಿತ್ರ ಕಂಡವರು ಕಡಿಮೆ. ವಸ್ತು ನೋಡಲು ಹೇಗಿದೆ ಎನ್ನುವುದನ್ನು ಒಂದು ಚಿತ್ರ ಹಿಡಿಯುತ್ತದೆ. ಯಾವುದರಿಂದ ಯಾವುದು ಎಷ್ಟು ದೂರ, ಯಾವುದಕ್ಕಿಂತ ಯಾವುದು ಎಷ್ಟು ದೊಡ್ಡದು ಎನ್ನುವುದನ್ನು ಇನ್ನೊಂದು ಹಿಡಿಯುತ್ತದೆ. ಲೆಕ್ಕ ನಿಂತಿರುವುದು ಎರಡನೆಯದರ ಮೇಲೆ. ಚಿತ್ರ ಬರಿ ಚಿತ್ರ ಬರಿ ಅಂತ ಮಗುವಿಗೆ ಹೇಳಿದರೆ ಸಾಲದು. ಟೋಪಿ ಬೇಡ, ಗೆರೆ ಸಾಕು ಅಂತ ತೋರಿಸಿಕೊಡಬೇಕು. ಇದು ಕಲಿಸಿದರೆ ಬರುವ ವಿದ್ಯೆ. ಹುಟ್ಟಿನಿಂದ ಬಂದ ಶೈಲಿ ಅಂತ ಬಿಟ್ಟುಬಿಟ್ಟರೆ ಟೋಪಿ ಬರೆಯುವ ಮಗು ಹತ್ತನೇ ತರಗತಿಯಲ್ಲೂ ಟೋಪಿಯನ್ನೇ ಬರೆಯುತ್ತಿರುತ್ತದೆ.

ಮಾಡಿ ಕಲಿಯುವುದಕ್ಕೂ ಇದೇ ಮಾತು. 3 + 4 + 5 = __ + 5. ಖಾಲಿ ಜಾಗಕ್ಕೆ ಏನು? ಉತ್ತರ 7. ಆದರೆ ಪುಟ್ಟ ಮಕ್ಕಳಲ್ಲಿ ಎಷ್ಟೋ ಜನ 12 ಬರೆಯುತ್ತಾರೆ. ಇನ್ನು ಕೆಲವರು ಕಣ್ಣಿಗೆ ಬಿದ್ದದ್ದೆಲ್ಲ ಕೂಡಿ 17 ಬರೆಯುತ್ತಾರೆ. ಸಮ ಚಿಹ್ನೆ ಕಂಡರೆ ಉತ್ತರ ಬರೆ ಎಂಬ ಅಪ್ಪಣೆ ಅಂದುಕೊಂಡಿರುತ್ತಾರೆ, ಎರಡು ಕಡೆಯೂ ಸಮ ಇರಬೇಕು ಅಂತ ಅಲ್ಲ. ಸೂಸನ್ ಗೋಲ್ಡಿನ್ ಮೆಡೋ ಅವರ ಬಳಗ 2008ರಲ್ಲಿ ಇಂಥದೇ ಲೆಕ್ಕಗಳನ್ನು ಮೂರು, ನಾಲ್ಕನೇ ತರಗತಿಯ ಮಕ್ಕಳಿಗೆ ಕಲಿಸಿ ನೋಡಿತು. ಕೆಲವರು ಎರಡು ಕಡೆಯೂ ಸಮ ಮಾಡಬೇಕು ಅಂತ ಬಾಯಲ್ಲಿ ಹೇಳಿಕೊಳ್ಳಬೇಕು. ಕೆಲವರು ಎಡಗೈಯನ್ನು ಎಡಭಾಗದ ಕೆಳಗೆ, ಬಲಗೈಯನ್ನು ಬಲಭಾಗದ ಕೆಳಗೆ ಆಡಿಸಬೇಕು. ಕೆಲವರು ಎರಡನ್ನೂ ಮಾಡಬೇಕು. ನಾಲ್ಕು ವಾರ ಬಿಟ್ಟು ನೋಡಿದಾಗ, ಬರೀ ಬಾಯಲ್ಲಿ ಹೇಳಿಕೊಂಡವರಿಗಿಂತ ಕೈ ಆಡಿಸಿದವರಿಗೆ ಕಲಿತದ್ದು ಚೆನ್ನಾಗಿ ಉಳಿದಿತ್ತು. ಒಂದು ವಿಷಯ ಗಮನಿಸಿ. ಇವರು ಮಾಡಿ ಕಲಿಯುವ ಶೈಲಿಯವರು ಅಂತ ಆರಿಸಿ ತೆಗೆದ ಮಕ್ಕಳಲ್ಲ. ಆ ಕೈ ಚಲನೆಯಲ್ಲೇ ಸಮ ಎನ್ನುವುದರ ಅರ್ಥ ಇತ್ತು, ಅದಕ್ಕೇ ಕೆಲಸ ಮಾಡಿತು. ಸುಮ್ನೆ ಕುಣಿಸಿ ಮಗ್ಗಿ ಹೇಳಿಸಿದರೆ ಮಕ್ಕಳಿಗೆ ಖುಷಿ ಆಗುತ್ತದೆ, ಆಗಲಿ ಪಾಪ. ಆದರೆ ಆ ಕುಣಿತಕ್ಕೂ ಏಳು ಎಂಟಲ ಐವತ್ತಾರು ಯಾಕೆ ಎನ್ನುವುದಕ್ಕೂ ಸಂಬಂಧ ಇಲ್ಲ.

ಈಗ ಇನ್ನೊಂದು ಲೆಕ್ಕ. ಇದು ನನಗೆ ತುಂಬಾ ಇಷ್ಟದ್ದು, ಸಮಯ ಆದರೂ ಪರವಾಗಿಲ್ಲ, ಹೇಳಿಯೇ ಹೇಳುತ್ತೇನೆ. ಬೆಸ ಸಂಖ್ಯೆಗಳನ್ನು ಒಂದರಿಂದ ಶುರು ಮಾಡಿ ಕೂಡುತ್ತಾ ಹೋಗಿ. 1. 1 + 3 = 4. 1 + 3 + 5 = 9. 1 + 3 + 5 + 7 = 16. ಬರುತ್ತಿರುವುದು 1, 4, 9, 16. ಎಲ್ಲವೂ ವರ್ಗ ಸಂಖ್ಯೆಗಳು! ಅಂಕಿ ಹಿಡಿದು ಹೋಗುವ ಮಗುವಿಗೆ ಈ ಸರಣಿ ಬೇಗ ಸಿಗುತ್ತದೆ. ಯಾಕೆ ಹೀಗಾಗುತ್ತದೆ ಅಂತ ಕೇಳಿದರೆ ಅದಕ್ಕೆ ಗೊತ್ತಾಗಲ್ಲ.

ಚುಕ್ಕಿ ಇಡಿ. ಒಂದು ಚುಕ್ಕಿ. ಅದರ ಬಲಕ್ಕೆ ಒಂದು, ಕೆಳಗೆ ಒಂದು, ಮೂಲೆಗೆ ಒಂದು. ಹೊಸದಾಗಿ ಮೂರು ಚುಕ್ಕಿ ಸೇರಿದ ಮೇಲೆ ಎರಡು ಸಾಲು, ಎರಡು ಕಂಬದ ಚೌಕ ಆಯಿತು. ಇನ್ನೊಂದು ಸುತ್ತು ಹೊದಿಸಬೇಕಾದರೆ ಬಲಕ್ಕೆ ಎರಡು, ಕೆಳಗೆ ಎರಡು, ಮೂಲೆಗೆ ಒಂದು. ಐದು. ಪ್ರತಿ ಸಲವೂ ಎರಡು ಬದಿಗೆ ಒಂದೊಂದು ಚುಕ್ಕಿ ಜಾಸ್ತಿ ಬೇಕು, ಹಾಗಾಗಿ ಹಿಂದಿನದಕ್ಕಿಂತ ಎರಡು ಜಾಸ್ತಿ. ಬೆಸ ಸಂಖ್ಯೆಗಳು ಏರುವುದೂ ಹಾಗೇ ತಾನೆ? ಚಿತ್ರ ಕಂಡ ಮಗುವಿಗೆ ಯಾಕೆ ಎನ್ನುವುದು ಸಿಕ್ಕಿತು.

ಈಗ ಅದೇ ಮಗುವಿಗೆ ಮೊದಲ 100 ಬೆಸ ಸಂಖ್ಯೆಗಳ ಮೊತ್ತ ಕೇಳಿ. ಹತ್ತು ಸಾವಿರ ಚುಕ್ಕಿ ಇಡುತ್ತಾ ಕೂರೋಕಾಗುತ್ತಾ? ಇಲ್ಲಿ ಚಿತ್ರ ಬಿಟ್ಟು ಮಾತಿಗೆ ಬರಬೇಕು: ಎಷ್ಟು ಬೆಸ ಸಂಖ್ಯೆಗಳೋ ಅಷ್ಟು ಸಾಲು, ಅಷ್ಟೇ ಕಂಬ. ಮಾತಿನಿಂದ ಅಂಕಿಗೆ ಬರಬೇಕು: 100 × 100. ಅಂಕಿಯಿಂದ ಚಿಹ್ನೆಗೆ: n × n. ಲೆಕ್ಕ ಬಿಡಿಸುವುದು ಅಂದರೆ ಬಹಳ ಮಟ್ಟಿಗೆ ಈ ಓಡಾಟ. ಒಂದು ರೂಪದಲ್ಲಿ ಸಿಕ್ಕಿಕೊಂಡಾಗ ಇನ್ನೊಂದಕ್ಕೆ ದಾಟುವುದು. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಮಾಡಿ ತಿಳಿಯುವುದು, ಚಿತ್ರದಲ್ಲಿ ತಿಳಿಯುವುದು, ಚಿಹ್ನೆಯಲ್ಲಿ ತಿಳಿಯುವುದು ಅಂತ ಮೂರನ್ನು ಹೇಳಿದ್ದರು. ಅವು ಮೂರು ಜಾತಿಯ ಮಕ್ಕಳಲ್ಲ. ಒಂದೇ ಮಗು ಮೂರನ್ನೂ ಹಾದು ಹೋಗಬೇಕು. ಸಿಂಗಪುರದ ಗಣಿತ ಪಾಠಗಳಲ್ಲಿ ವಸ್ತು, ಚಿತ್ರ, ಚಿಹ್ನೆ ಎಂಬ ಕ್ರಮ ಈ ಯೋಚನೆಯನ್ನೇ ಆಧರಿಸಿದ್ದು. ಅಲ್ಲಿ ಪ್ರತಿ ಮಗುವಿಗೂ ಮೂರೂ ಉಂಟು. ಶೈಲಿಯ ಚೀಟಿ ಅಂಟಿಸಿ ಒಂದೇ ರೂಪ ಕೊಟ್ಟರೆ ದಾಟುವ ಅಭ್ಯಾಸವನ್ನೇ ನಾವು ತಪ್ಪಿಸಿದ ಹಾಗಾಯಿತು.

ಮನೆಯಲ್ಲಿ ಮಗುವನ್ನು ಓದಿಸುವವರಿಗೆ ಒಂದು ಮಾತು. ಹೇಳಿಕೆ ಲೆಕ್ಕದಲ್ಲಿ ಮಗು ಎಡವಿದರೆ ಶೈಲಿ ಹುಡುಕುವ ಮೊದಲು ಅದು ಏನನ್ನು ಓದಿತು ಅಂತ ನೋಡಿ. ಅಣ್ಣನ ಹತ್ತಿರ 24 ಗೋಲಿ ಇವೆ. ಅದು ತಮ್ಮನ ಹತ್ತಿರ ಇರುವುದಕ್ಕಿಂತ 6 ಹೆಚ್ಚು. ತಮ್ಮನ ಹತ್ತಿರ ಎಷ್ಟು? ಹೆಚ್ಚು ಎಂಬ ಪದ ಕಂಡ ಕೂಡಲೇ ಎಷ್ಟೋ ಮಕ್ಕಳು ಕೂಡಿ 30 ಅನ್ನುತ್ತಾರೆ. ಉತ್ತರ 18. ಹೆಗಾರ್ಟಿಯವರೇ ಇನ್ನಿಬ್ಬರ ಜೊತೆ 1995ರಲ್ಲಿ ಇಂಥ ಲೆಕ್ಕಗಳನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದ್ದರು. ತಪ್ಪು ಮಾಡುವವರು ಅಂಕಿ ಮತ್ತು ಹೆಚ್ಚು ಕಡಿಮೆ ಎಂಬ ಪದ ಹೆಕ್ಕಿಕೊಂಡು ಓಡುತ್ತಾರೆ. ಸರಿ ಮಾಡುವವರು ಯಾರ ಹತ್ತಿರ ಜಾಸ್ತಿ ಎಂಬ ಸಂದರ್ಭವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ. ದೊಡ್ಡವರಲ್ಲೇ ಹೀಗಾದರೆ ಮಕ್ಕಳನ್ನು ಏನು ಹೇಳೋದು? ಅದರಲ್ಲೂ ಒಟ್ಟು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ ಅಂತ ನಾವೇ ಹೇಳಿಕೊಟ್ಟಿರುತ್ತೇವೆ. ದಯವಿಟ್ಟು ಅದನ್ನು ಬಿಡಿ.

1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದವರಿಗೆ ಒಂದು ಪ್ರಶ್ನೆ ಇತ್ತು. ಸೈನಿಕರು 1128, ಒಂದು ಬಸ್ಸಿಗೆ 36 ಜನ, ಬಸ್ಸು ಎಷ್ಟು ಬೇಕು? ಸುಮಾರು 70% ಮಕ್ಕಳು ಭಾಗಾಕಾರ ಸರಿ ಮಾಡಿದರು. ಆದರೆ 32 ಬಸ್ಸು ಅಂತ ಉತ್ತರ ಬರೆದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಉಳಿದವರಲ್ಲಿ ಎಷ್ಟೋ ಜನ 31 ಬಸ್ಸು, ಶೇಷ 12 ಅಂತ ಬರೆದಿದ್ದರು! ಶೇಷ ಉಳಿದ ಹನ್ನೆರಡು ಜನ ನಡೆದುಕೊಂಡು ಹೋಗಬೇಕೇನೋ. ಇದನ್ನು ಯಾವ ಶೈಲಿಯ ಲೆಕ್ಕಕ್ಕೆ ಹಾಕುತ್ತೀರಿ? ಉತ್ತರವನ್ನು ಪ್ರಶ್ನೆಗೆ ಹಿಡಿದು ನೋಡುವ ಅಭ್ಯಾಸ ಇಲ್ಲ, ಅಷ್ಟೇ.

ಅಭ್ಯಾಸ ಅಂದಾಗ ನೆನಪಾಯಿತು. ಒಂದೇ ಜಾತಿಯ ಹತ್ತು ಲೆಕ್ಕವನ್ನು ಒಟ್ಟಿಗೆ ಕೊಟ್ಟರೆ ಮಗು ಮೊದಲನೆಯದನ್ನು ಮಾತ್ರ ಯೋಚಿಸಿ ಮಾಡುತ್ತದೆ. ಉಳಿದದ್ದು ಕೈ ಓಡಿದ ಹಾಗೆ. ಡಗ್ ರೋರರ್ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 54 ಏಳನೇ ತರಗತಿಗಳಿದ್ದವು. ಕೆಲವು ತರಗತಿಗಳಿಗೆ ಬೇರೆ ಬೇರೆ ಜಾತಿಯ ಲೆಕ್ಕಗಳನ್ನು ಬೆರೆಸಿ ಕೊಟ್ಟರು, ಕೆಲವಕ್ಕೆ ಒಂದೊಂದೇ ಜಾತಿಯನ್ನು ಗುಂಪಾಗಿ. ತಿಂಗಳ ನಂತರ ಹೇಳದೆ ಕೇಳದೆ ಪರೀಕ್ಷೆ ಇಟ್ಟರು. ಬೆರಕೆ ಲೆಕ್ಕ ಮಾಡಿದವರ ಸರಾಸರಿ 61%, ಇನ್ನೊಂದು ಕಡೆಯವರದು 38%. ಬೆರೆಸಿ ಕೊಟ್ಟಾಗ ಮಗು ಪ್ರತಿ ಲೆಕ್ಕಕ್ಕೂ ಇಲ್ಲಿ ಏನು ಮಾಡಬೇಕು ಅಂತ ಯೋಚಿಸಲೇಬೇಕು. ಶುರುವಿನಲ್ಲಿ ಮಕ್ಕಳು ಗೊಣಗುತ್ತಾರೆ, ತಪ್ಪುಗಳೂ ಜಾಸ್ತಿ ಆಗುತ್ತವೆ. ಅದನ್ನು ನೋಡಿ ಗಾಬರಿಯಾಗಿ ನಿಲ್ಲಿಸಬೇಡಿ.

ಯಾರೋ ಒಂದು ಚೀಟಿ ಕಳಿಸಿದ್ದಾರೆ. ಹಾಗಾದರೆ ಮಕ್ಕಳ ನಡುವಿನ ವ್ಯತ್ಯಾಸ ಲೆಕ್ಕಕ್ಕೇ ಇಲ್ಲವೇ ಅಂತ. ಖಂಡಿತ ಇದೆ, ಆದರೆ ಶೈಲಿ ಪರೀಕ್ಷೆ ಅಳೆಯುವ ಕಡೆ ಅದು ಸಿಗಲ್ಲ. ಹಿಂದಿನ ತರಗತಿಯ ಭಿನ್ನರಾಶಿ ಗಟ್ಟಿಯಾಗದ ಮಗುವಿಗೆ ಈ ವರ್ಷದ ಬೀಜಗಣಿತ ಯಾವ ರೂಪದಲ್ಲಿ ಕೊಟ್ಟರೂ ಕಷ್ಟ. ಒಂದೇ ಸಲಕ್ಕೆ ತಲೆಯಲ್ಲಿ ಹಿಡಿದಿಡುವ ಶಕ್ತಿ ಕಡಿಮೆ ಇರುವ ಮಗುವಿಗೆ ಉದ್ದ ಲೆಕ್ಕವನ್ನು ಹಂತ ಹಂತವಾಗಿ ಕಾಗದದ ಮೇಲೆ ಬರೆದುಕೊಳ್ಳಲು ಬಿಡಬೇಕು. ಗಣಿತ ಅಂದರೆ ಭಯ ಬೀಳುವ ಮಗುವಿನ ತಲೆಯನ್ನು ಆ ಭಯವೇ ತುಂಬಿಕೊಂಡಿರುತ್ತದೆ, ಲೆಕ್ಕಕ್ಕೆ ಜಾಗ ಎಲ್ಲಿ? ಗಡಿಯಾರ ಇಟ್ಟು ಮಾಡಿಸುವುದನ್ನು ಅಂಥ ಮಗುವಿಗೆ ಮೊದಲು ನಿಲ್ಲಿಸಿ. ಬೋರ್ಡ್ ಕಾಣದ, ಸರಿಯಾಗಿ ಕೇಳಿಸದ ಮಗುವಿಗೆ ಬೇಕಾದದ್ದು ಡಾಕ್ಟರು. ಸಂಖ್ಯೆಗಳ ಜೊತೆಗೇ ನಿಜವಾದ ತೊಡಕು ಇರುವ ಮಕ್ಕಳೂ ಇದ್ದಾರೆ. ಅದಕ್ಕೆ ಡಿಸ್‌ಕ್ಯಾಲ್ಕುಲಿಯಾ ಅಂತ ಹೆಸರಿದೆ. ಅದನ್ನು ಗುರುತಿಸಲು ತರಬೇತಿ ಪಡೆದವರು ಬೇಕು, ಮೊಬೈಲಿನಲ್ಲಿ ಬರುವ ಹತ್ತು ಪ್ರಶ್ನೆಗಳ ಶೈಲಿ ಪರೀಕ್ಷೆಯಿಂದ ಅದು ಆಗುವ ಕೆಲಸ ಅಲ್ಲ.

ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಪ್ರಶ್ನೆ ಇದೆ: ಮಗುವಿನ ಶೈಲಿ ಈಗಾಗಲೇ ಶಾಲೆಯ ವರದಿಯಲ್ಲಿ ಬರೆದುಕೊಟ್ಟಿದ್ದಾರೆ, ಏನು ಮಾಡೋದು? ಜಗಳಕ್ಕೆ ಹೋಗಬೇಡಿ. ಆ ವರದಿಯನ್ನು ಮಗುವಿನ ಮುಂದೆ ಓದಬೇಡಿ, ಅಷ್ಟು ಸಾಕು. ಮುಂದಿನ ಸಲ ಶಿಕ್ಷಕರನ್ನು ಭೇಟಿಯಾದಾಗ ಮಗು ತಪ್ಪು ಮಾಡಿದ ಎರಡು ಮೂರು ಲೆಕ್ಕಗಳ ಹಾಳೆಯನ್ನು ಒಯ್ದು, ಇಲ್ಲಿ ಇವನು ಏನು ಯೋಚಿಸಿರಬಹುದು ಸರ್ ಅಂತ ಕೇಳಿ.